ಕಣ್ಣು ಮುಚ್ಚಿಸಿ ಗಣಿತ ಕಲಿಸಿದ ಅಕ್ಕೋರು

ನಾನು ಹೈಸ್ಕೂಲಿನಲ್ಲಿ ಆಟದ ಮಾಸ್ತರನಾಗಿದ್ದವನು. ಸಿದ್ದಾಪುರದಿಂದ ಹೆಗ್ಗರಣೆಯ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಶಾಲೆ. ಗೆರೆ ಹಾಕುವ ಸುಣ್ಣದ ಪುಡಿ, ಹಗ್ಗ, ಅಳತೆ ಟೇಪು ಇಡುವ ಕೋಣೆಯ ಕೀಲಿ ಯಾವಾಗಲೂ ನನ್ನ ಕಿಸೆಯಲ್ಲೇ ಇರುತ್ತಿತ್ತು. ಅದನ್ನು ಬೇರೆ ಯಾರೂ ಕೇಳಿದ್ದೇ ಇಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಒಂದು ಬೆಳಿಗ್ಗೆ, ಹೊಸದಾಗಿ ಬಂದ ಗಣಿತದ ಅಕ್ಕೋರು ನನ್ನೆದುರು ನಿಂತು ಕೈ ಚಾಚಿದರು. ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುವುದೇ ರೂಢಿ.

"ಸರ, ಆ ಕೀಲಿ ಕೊಡ್ರಿ. ಒಂದು ಪೀರಿಯಡ್ ನಿಮ್ಮ ಮೈದಾನ ಬೇಕಾಗೇತಿ."

"ಎಂತಕ್ಕೆ ಅಕ್ಕೋರೇ? ನಿಮ್ಮದು ಲೆಕ್ಕದ ಪೀರಿಯಡ್ ಅಲ್ದಾ?"

"ಅದಕ್ಕ ಬೇಕ್ರಿ. ನನ್ನ ಗ್ರಾಫು ಬೋರ್ಡಿನ ಮ್ಯಾಲ ಹಿಡಿಯಂಗಿಲ್ಲ."

ಅವರು ತೀರಿಹೋದ ಸುದ್ದಿ ನನಗೆ ಗೊತ್ತಾದದ್ದು ಮೊನ್ನೆ ಯಲ್ಲಾಪುರದ ಔಷಧಿ ಅಂಗಡಿಯ ಮುಂದೆ. ನಿವೃತ್ತನಾಗಿ ನಂದೊಳ್ಳಿಗೆ ಬಂದು ಕೂತ ಮೇಲೆ ಆ ಕಡೆಯ ಸುದ್ದಿಗಳು ತಡವಾಗಿಯೇ ತಲುಪುತ್ತವೆ. ಹಳೆಯ ವಿದ್ಯಾರ್ಥಿಯೊಬ್ಬ ಸ್ಕೂಟರ್ ನಿಲ್ಲಿಸಿ, "ಸರ್, ಗಣಿತದ ಅಕ್ಕೋರು ಹೋಗಿಬಿಟ್ರಂತೆ" ಎಂದ. ಆಗಲೇ ತಿಂಗಳಾಗಿತ್ತಂತೆ. ಊರಿಗೆ ಮರಳುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಅವರ ಮುಖ ನೆನಪಿಸಿಕೊಳ್ಳಲು ನೋಡಿದೆ. ಮುಖ ಬರಲಿಲ್ಲ. ಮಂಜು ತುಂಬಿದ ಮೈದಾನ ಬಂತು, ಅದರೊಳಗೆ ಅಲ್ಲಲ್ಲಿ ಕೂತ ಮಕ್ಕಳು ಬಂದರು, ಎಲ್ಲಿಂದಲೋ ಅವರ ದನಿ ಬಂತು.

ಆ ಮೊದಲ ದಿನದ ಮಂಜು ಅದು. ದೀಪಾವಳಿ ಕಳೆದಿತ್ತು. ಹತ್ತು ಗಂಟೆಯಾದರೂ ಗೋಲ್‌ಪೋಸ್ಟಿನ ಆಚೆ ಏನೂ ಕಾಣುತ್ತಿರಲಿಲ್ಲ. ಅಕ್ಕೋರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನ ಸುಣ್ಣದ ಡಬ್ಬಿ ಹಿಡಿದು, ಮೈದಾನದ ನಡುವೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದರು. ಆಮೇಲೆ ಅವುಗಳ ಆಚೀಚೆ ಚೌಕದ ಬಲೆ. ಒಂಬತ್ತನೇ ತರಗತಿಯ ಮಕ್ಕಳನ್ನು ಬಲೆಯ ಒಂದೊಂದು ಗಂಟಿನಲ್ಲಿ ಕೂರಿಸಿದರು. ನಡುವಿನಿಂದ ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಎಂದು ಎಣಿಸಿದರೆ ಪ್ರತಿಯೊಬ್ಬರಿಗೂ ಎರಡೆರಡು ಸಂಖ್ಯೆ. ಅಡ್ಡದ್ದು ಎಕ್ಸ್, ಉದ್ದದ್ದು ವೈ.

"ಇವತ್ತು ನಿಮಗ ಹೆಸರಿಲ್ಲ. ಆ ಎರಡು ಸಂಖ್ಯಾನ ನಿಮ್ಮ ಹೆಸರು," ಎಂದರು. "ಈಗ, ಯಾರ ಎಕ್ಸ್‌ಗೆ ಒಂದು ಕೂಡಿಸಿದರ ವೈ ಬರತೈತಿ, ಅವರು ಎದ್ದು ನಿಲ್ರಿ."

ಮಕ್ಕಳು ಬೆರಳು ಮಡಚಿ ಎಣಿಸಿದರು. ಒಬ್ಬ ಎದ್ದ. ದೂರದಲ್ಲಿ ಇನ್ನೊಬ್ಬಳು ಎದ್ದಳು. ಮತ್ತೊಬ್ಬ, ಮಗದೊಬ್ಬ. ನೋಡುನೋಡುತ್ತಿದ್ದಂತೆ ಮಂಜಿನೊಳಗೆ ಒಂದು ನೇರವಾದ ಓರೆಗೆರೆ ಎದ್ದು ನಿಂತಿತ್ತು. ಯಾರೂ ಎಳೆಯದ ಗೆರೆ. ಒಬ್ಬ ಹುಡುಗ ಮಾತ್ರ ಗೆರೆಯಿಂದ ಆಚೆ ಒಬ್ಬನೇ ನಿಂತಿದ್ದ. ಅವನು ಅತ್ತಿತ್ತ ನೋಡಿ, ಯಾರೂ ಏನೂ ಹೇಳದೆಯೇ, ಮೆಲ್ಲಗೆ ಕೂತುಬಿಟ್ಟ. ನಾನು ಸೀಟಿ ಊದಿ ಊದಿ ಸಾಲು ನಿಲ್ಲಿಸುತ್ತಿದ್ದವನು. ಹೀಗೊಂದು ಸಾಲು ತಾನಾಗಿ ಹುಟ್ಟಿದ್ದನ್ನು ಕಂಡದ್ದು ಅದೇ ಮೊದಲು.

ಆಮೇಲೆ ಅವರನ್ನು ಕೂರಿಸಿ, "ಎಕ್ಸ್, ವೈ ಎರಡೂ ಕೂಡಿದರ ಐದು ಆಗಾವ್ರು ಏಳ್ರಿ" ಎಂದರು. ಇನ್ನೊಂದು ಗೆರೆ ಎದ್ದಿತು, ಮೊದಲಿನದಕ್ಕೆ ಅಡ್ಡಲಾಗಿ. ಎರಡೂ ಸಲ ಎದ್ದವಳು ಒಬ್ಬಳೇ. ಸಣಕಲು ಹುಡುಗಿ, ಎರಡು ಜಡೆ, ಹೆಸರು ನಾಗವೇಣಿ. ತರಗತಿಯಲ್ಲಿ ಬಾಯಿ ಬಿಡದವಳು.

"ನೀ ಯಾಕವ್ವ ಎರಡೂ ಸರತಿ ಎದ್ದಿ?"

"ಎರಡೂ ಯಂಗೆ ಸರಿ ಬತ್ತು ಅಕ್ಕೋರೇ," ಎಂದಳು ನಾಗವೇಣಿ, ತಪ್ಪು ಮಾಡಿದವಳ ಹಾಗೆ. ಅವಳ ಮನೆಮಾತಿನಲ್ಲಿ 'ಯಂಗೆ' ಎಂದರೆ ನನಗೆ, 'ಆನು' ಎಂದರೆ ನಾನು.

ಅಕ್ಕೋರು ಎರಡೂ ಕೈ ಮೇಲೆತ್ತಿ ನಕ್ಕರು. "ನೋಡ್ರಿ, ಏಕಕಾಲಿಕ ಸಮೀಕರಣದ ಉತ್ತರ ಅಲ್ಲಿ ನಿಂತೈತಿ. ಎರಡು ಜಡಿ ಹಾಕ್ಕೊಂಡೈತಿ!"

ಮೈದಾನವೆಲ್ಲ ನಕ್ಕಿತು. ನಾಗವೇಣಿಯೂ ನಕ್ಕಳು.

ಅವರು ಸಿರಸಿ ತಾಲೂಕಿನ ಪೂರ್ವದ ಕಡೆಯವರು, ಗುಡ್ನಾಪುರದ ಹತ್ತಿರ. ಮಾತೆಲ್ಲ ಆ ಬಯಲಿನದು. ನಮ್ಮ ಮಕ್ಕಳು ಮೊದಮೊದಲು ಅವರ 'ಬರ್ರಿ, ಕುಂದ್ರಿ' ಕೇಳಿ ಕಿಸಕ್ಕನೆ ನಗುತ್ತಿದ್ದರು. ಆಮೇಲೆ ತಾವೇ ಆಟದ ನಡುವೆ 'ಬರ್ರಿ ಬರ್ರಿ' ಎಂದು ಕೂಗತೊಡಗಿದರು. ಅಂಚೆ ಕಚೇರಿಯ ಪಕ್ಕದ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಸಂಜೆ ಆ ದಾರಿಯಲ್ಲಿ ಹೋದರೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಮದುವೆಯ ವಿಷಯ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಚಿಕ್ಕಂದಿನಲ್ಲಿ ಗುಡ್ನಾಪುರದ ಕೆರೆಯ ದಂಡೆಯಲ್ಲಿ ಕೂತು ಕಲ್ಲು ಒಗೆಯುತ್ತಿದ್ದರಂತೆ. "ಎರಡು ಕಲ್ಲು ಕೂಡೇ ಒಗದರ ಎರಡು ಉಂಗುರ ಏಳತಾವಲ್ಲ ಸರ, ಅವು ಒಂದರೊಳಗೊಂದು ಹಾದು ಹೋಗತಾವ, ಆದ್ರ ಒಂದಕ್ಕೂ ಪೆಟ್ಟಾಗಂಗಿಲ್ಲ. ಅದನ್ನ ನೋಡಕೋತ ನಮ್ಮವ್ವ ಹೇಳಿದ ಕೆಲಸಾನ ಮರೀತಿದ್ದೆ," ಎಂದಿದ್ದರು ಒಮ್ಮೆ. ಹೇಳುತ್ತಿದ್ದಾಗ ಅವರ ಬೆರಳು ಮೇಜಿನ ಮೇಲೆ ತನ್ನಷ್ಟಕ್ಕೆ ವೃತ್ತ ಬರೆಯುತ್ತಿತ್ತು.

ಅವರದೊಂದು ಮಾತಿತ್ತು, ಮಕ್ಕಳಿಗೆ ಪದೇಪದೇ ಹೇಳುತ್ತಿದ್ದರು: "ತಪ್ಪು ಮಾಡಾಕ ಅಂಜಬ್ಯಾಡ್ರಿ. ಆದ್ರ ದೊಡ್ಡದಾಗಿ ಮಾಡ್ರಿ. ಸಣ್ಣ ತಪ್ಪು ಕಣ್ಣಿಗೆ ಬೀಳಂಗಿಲ್ಲ." ಅದಕ್ಕೇ ಅವರಿಗೆ ಎಲ್ಲವೂ ದೊಡ್ಡದಾಗಿ ಬೇಕು. ಅರ್ಧವೃತ್ತದ ಕೋನ ಕಲಿಸಲು ಎರಡು ಗೂಟ ನೆಟ್ಟು, ಸುಣ್ಣದಿಂದ ದೊಡ್ಡ ಕಮಾನು ಬರೆದು, ಒಂದೊಂದು ಗೂಟಕ್ಕೆ ಕಟ್ಟಿದ ಎರಡು ಹಗ್ಗವನ್ನೂ ಒಟ್ಟಿಗೆ ಹಿಡಿದು ಕಮಾನಿನ ಮೇಲೆ ನಡೆಯಲು ಒಬ್ಬನಿಗೆ ಹೇಳುತ್ತಿದ್ದರು. ಇನ್ನೊಬ್ಬ ಕ್ಯಾರಂ ಬೋರ್ಡು ಹೊತ್ತು ಹಿಂದೆ ಹೋಗಬೇಕು. ಎಲ್ಲಿ ನಿಂತು ಹಗ್ಗ ಬಿಗಿ ಮಾಡಿದರೂ ಬೋರ್ಡಿನ ಮೂಲೆ ಹಗ್ಗದ ಮೂಲೆಗೆ ಸರಿಯಾಗಿ ಕೂರುತ್ತಿತ್ತು. ಪ್ರಮೇಯದ ಸಾಧನೆ ಆಮೇಲೆ, ಒಳಗೆ ಹೋಗಿ. "ಮೊದಲ ಬೆರಗಾಗಲಿ, ಆಮ್ಯಾಲ ಯಾಕ ಅಂತ ಕೇಳತಾವ," ಎನ್ನುತ್ತಿದ್ದರು.

ಹೆಡ್ ಮಾಸ್ತರಿಗೆ ಇದೆಲ್ಲ ಅಷ್ಟು ಹಿಡಿಸುತ್ತಿರಲಿಲ್ಲ. ಪೋರ್ಷನ್ ಮುಗಿಯುತ್ತದೋ ಇಲ್ಲವೋ ಎಂಬ ಚಿಂತೆ. ಆದರೆ ಮುಗಿಯುತ್ತಿತ್ತು, ಆದ್ದರಿಂದ ಸುಮ್ಮನಿದ್ದರು.

ಮರುವರ್ಷ, ನಾಗವೇಣಿ ಹತ್ತನೇ ತರಗತಿಗೆ ಬಂದಾಗ, ಒಂದು ಅವಘಡ ಆಯಿತು. ಮೈದಾನದ ಅಂಚಿನಲ್ಲಿ ಒಂದು ಭಾರಿ ಹೆಬ್ಬಲಸಿನ ಮರವಿತ್ತು. ಅದರ ಎತ್ತರ ಅಳೆಯಬೇಕು, ಹತ್ತದೆಯೇ. ಅಕ್ಕೋರು ರಟ್ಟಿನಿಂದ ಚೌಕ ಕತ್ತರಿಸಿ, ಅದನ್ನು ಮೂಲೆಯಿಂದ ಮೂಲೆಗೆ ಅರ್ಧ ಮಾಡಿ ತ್ರಿಕೋನಗಳನ್ನು ಮಾಡಿಕೊಟ್ಟಿದ್ದರು. ಅದರ ಕೆಳ ಅಂಚನ್ನು ನೆಲಕ್ಕೆ ಸಮವಾಗಿ ಹಿಡಿದು, ಓರೆ ಅಂಚಿಗೆ ಕಣ್ಣಿಟ್ಟು ಮರದ ತುದಿ ನೋಡುತ್ತ ಹಿಂದೆ ಹಿಂದೆ ಸರಿಯಬೇಕು. ತುದಿ ಆ ಅಂಚಿನ ನೇರಕ್ಕೆ ಸಿಕ್ಕ ಜಾಗದಲ್ಲಿ ನಿಲ್ಲಬೇಕು. ಮರದಿಂದ ಅಲ್ಲಿಗೆ ಎಷ್ಟು ದೂರವೋ, ನಮ್ಮ ಕಣ್ಣಿನ ಎತ್ತರ ಸೇರಿಸಿದರೆ, ಮರ ಅಷ್ಟು ಎತ್ತರ. ಮಕ್ಕಳೆಲ್ಲ ಮುಖ ಮೇಲೆತ್ತಿ, ಒಂದು ಕಣ್ಣು ಮುಚ್ಚಿ, ನಿದ್ದೆಯಲ್ಲಿ ನಡೆಯುವವರ ಹಾಗೆ ಹಿಂದೆ ಹಿಂದೆ ಹೋಗುತ್ತಿದ್ದರು. ನಾನು ಇನ್ನೊಂದು ತುದಿಯಲ್ಲಿ ಎಂಟನೇ ತರಗತಿಗೆ ಖೋಖೋ ಆಡಿಸುತ್ತಿದ್ದೆ.

ಮೈದಾನದ ಆಚೆ, ಪೊದೆಯ ಮರೆಯಲ್ಲಿ, ಹಿಂದೆ ಯಾರೋ ಕೆಂಪುಕಲ್ಲು ತೆಗೆದು ಬಿಟ್ಟ ಹೊಂಡವಿತ್ತು. ಅಕ್ಕೋರು ಅತ್ತ ಹೋಗಬೇಡಿ ಎಂದೇ ಹೇಳಿದ್ದರು. ನಾಗವೇಣಿ ಹೋದದ್ದು ಬೇಕೆಂದಲ್ಲ, ಅವಳ ಕಣ್ಣು ಮರದ ತುದಿಯಲ್ಲಿತ್ತು.

ಕೂಗು ಕೇಳಿ ಓಡಿದೆ. ಹೊಂಡಕ್ಕಿಳಿದು ಅವಳನ್ನು ಎತ್ತಿಕೊಂಡು ಬಂದೆ. ಬಲಗೈ ಮೊಣಕೈಯ ಹತ್ತಿರ ತಿರುಚಿಹೋಗಿತ್ತು. ಅಕ್ಕೋರು ಹೊಂಡದ ಅಂಚಿನಲ್ಲಿ ಮಂಡಿಯೂರಿ ಕೂತಿದ್ದರು. ಹುಡುಗಿ ಅವರನ್ನು ಕಂಡವಳೇ ಅಳುತ್ತ ಅಂದಳು, "ಅಕ್ಕೋರೇ, ತುದಿ ಸಿಕ್ಕಿತ್ತು."

ಜೀಪಿನಲ್ಲಿ ಸಿದ್ದಾಪುರಕ್ಕೆ, ಅಲ್ಲಿಂದ ಸಿರಸಿಗೆ. ಮೂಳೆ ಎರಡು ಕಡೆ ಮುರಿದಿತ್ತು.

ನಾಗವೇಣಿಯ ಅಪ್ಪ ಮದುವೆ ಮುಂಜಿಗೆ ಅಡಿಗೆ ಮಾಡುವ ಭಟ್ಟರು. ಸೀಮೆಯಲ್ಲೆಲ್ಲ ಬೇಡಿಕೆಯಿದ್ದ ಮನುಷ್ಯ, ಮಾತು ಕಡಿಮೆ, ಸಿಟ್ಟು ಜಾಸ್ತಿ. ಮರುವಾರ ಶಾಲಾ ಸಮಿತಿಯ ಸಭೆಗೆ ಬಂದು ನಿಂತೇ ಮಾತಾಡಿದರು.

"ಆನು ಕೂಸಿನ ಶಾಲೆಗೆ ಕಳ್ಸಿದ್ದು ಲೆಕ್ಕ ಕಲಿಯಲಿ ಹೇಳಿ. ಹೊಂಡಕ್ಕೆ ಬೀಳಲಿ ಹೇಳಿ ಅಲ್ಲ. ಪರೀಕ್ಷೆ ಬಂತು, ಬರೆಯೋ ಕೈಯೇ ಇಲ್ಲೆ. ಎಂತ ಮಾಡದು ಈಗ?"

ಇನ್ನು ಮೇಲೆ ಗಣಿತದ ಪಾಠ ಕೋಣೆಯ ಹೊರಗೆ ನಡೆಯಕೂಡದು ಎಂದು ಸಭೆ ತೀರ್ಮಾನಿಸಿತು. ಅಕ್ಕೋರು ಹೊರಗೆ ಬಂದಾಗ ನನಗಷ್ಟೇ ಕೇಳುವ ಹಾಗೆ, "ನನ್ನ ತಪ್ಪು ಭಾಳ ದೊಡ್ಡದಾತು ಸರ," ಎಂದರು. "ನನಗ ಈ ಕೆಲಸಾನ ಬ್ಯಾಡ ಅನಸಾಕತ್ತೇತಿ."

ಕೆಲಸ ಬಿಡಲಿಲ್ಲ. ಆದರೆ ಬೋರ್ಡಿಗೆ ಮುಖ ಮಾಡಿ ಪುಸ್ತಕದಲ್ಲಿದ್ದದ್ದನ್ನು ಬರೆಯತೊಡಗಿದರು. ಅವರ ತರಗತಿಯಿಂದ ಸದ್ದೇ ಬರುತ್ತಿರಲಿಲ್ಲ. ಮೈದಾನದ ಸುಣ್ಣದ ಬಲೆ ಮಕ್ಕಳ ಕಾಲಡಿಯಲ್ಲಿ ಅಳಿಸಿಹೋಯಿತು. ನನಗೆ ಬೇಸರವಾಗುತ್ತಿತ್ತು, ಯಾಕೆಂದರೆ ಅಷ್ಟು ಹೊತ್ತಿಗೆ ಗಣಿತ ಬಾರದ ನಾನೂ ಅವರ ಪೀರಿಯಡ್ಡಿಗೆ ಕಾಯುವವನಾಗಿದ್ದೆ.

ಪ್ಲಾಸ್ಟರ್ ಹಾಕಿಸಿಕೊಂಡು ನಾಗವೇಣಿ ಮನೆಗೆ ಬಂದಳೆಂದು ಗೊತ್ತಾದ ಸಂಜೆ ಅಕ್ಕೋರು ನನ್ನನ್ನು ಕರೆದರು. "ಆಕಿ ಮನಿಗೆ ಹೋಗಬೇಕು. ದಾರಿ ತೋರಸ್ತೀರೇನು?" ಭಟ್ಟರ ಮನೆ ನಾನಿದ್ದ ಬಿಡಾರದ ದಾರಿಯಲ್ಲೇ. ಇಬ್ಬರೂ ಹೋದೆವು. ಜಗಲಿಯಲ್ಲಿ ಕೂತಿದ್ದ ಭಟ್ಟರು ನಮ್ಮನ್ನು ಕಂಡು ಎದ್ದು ಒಳಗೆ ಹೋದರು. ಅವರ ಹೆಂಡತಿ ಬಂದು ಚಾಪೆ ಹಾಸಿ, "ಕೂತ್ಕಳಿ ಅಕ್ಕೋರೇ, ಅವು ಹಂಗೇಯ," ಎಂದರು ಸಣ್ಣ ದನಿಯಲ್ಲಿ.

ನಾಗವೇಣಿಗೆ ಬರೆಯಲು ಬರುವಂತಿರಲಿಲ್ಲ. ಎಡಗೈಯಲ್ಲಿ ಪೆನ್ಸಿಲ್ ಹಿಡಿದರೆ ಗೆರೆಗಳೆಲ್ಲ ಎರೆಹುಳ. ಅವಳ ಕಣ್ಣಲ್ಲಿ ನೀರು ತುಂಬಿತು. ಅಕ್ಕೋರು ಪೆನ್ಸಿಲ್ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ, "ಕಣ್ಣು ಮುಚ್ಚವ್ವ," ಎಂದರು.

"ಎಂತಕ್ಕೆ?"

"ಮುಚ್ಚು. ಒಂದು ಚುಕ್ಕಿ ಕಾಣತೈತೇನು? ಅದನ್ನ ಬಲಕ್ಕ ಎಳಿ. ಗೆರಿ ಆತು. ಗೆರೀನ ನಿನ್ನ ಕಡೆ ಎಳಿ. ಹಾಳಿ ಆತು. ಹಾಳೀನ ಮ್ಯಾಲ ಎತ್ತು. ಪೆಟ್ಟಿಗಿ ಆತು. ಈಗ ಅದರ ಒಂದು ಮೂಲಿ ಸಣ್ಣಗ ಕೊಯ್ದು ತಗಿ. ಕೊಯ್ದಲ್ಲಿ ಎಂಥಾ ಆಕಾರ ಕಾಣತೈತಿ?"

ನಾಗವೇಣಿ ಕಣ್ಣು ಮುಚ್ಚಿಯೇ ಇದ್ದಳು. ಹೊರಗೆ ಕತ್ತಲಾಗುತ್ತಿತ್ತು. ದೂರದ ಜಲಪಾತದ ಸದ್ದು ಗಾಳಿ ತಿರುಗಿದಾಗ ಬರುತ್ತಿತ್ತು, ಹೋಗುತ್ತಿತ್ತು. "ತ್ರಿಕೋನ," ಎಂದಳು ಕಡೆಗೆ.

ಅಕ್ಕೋರು ಉಸಿರು ಬಿಟ್ಟರು. ಸಭೆಯ ದಿನದಿಂದ ಅವರ ಮುಖದಲ್ಲಿ ಕಾಣದ ಬೆಳಕು ಆ ಕ್ಷಣ ಕಂಡಿತು.

ಆಮೇಲೆ ದಿನವೂ ಸಂಜೆ ಅದೇ ಪಾಠ, ನಾನೂ ಜೊತೆಗೆ ಹೋಗಿ ಕೂರುತ್ತಿದ್ದೆ. ಚೆಂಡು ಕೊಯ್ದರು, ಶಂಕು ಕೊಯ್ದರು, ಸಿಲಿಂಡರನ್ನು ಬಿಚ್ಚಿ ಹಾಳೆ ಮಾಡಿ ಗೋಡೆಗೆ ಒರಗಿಸಿದರು. ಎಲ್ಲವೂ ಗಾಳಿಯಲ್ಲಿ. ವರ್ಗ ಸಮೀಕರಣವನ್ನೂ ಜಾಗದ ಹಾಗೆ ಮಾಡಿ, ಚೌಕಕ್ಕೆ ಪಟ್ಟಿ ಸೇರಿಸಿ, ಉಳಿದ ಮೂಲೆ ತುಂಬಿಸಿ ಹೇಳಿಕೊಟ್ಟರು. ಭಟ್ಟರು ಮಾತ್ರ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಬಾಗಿಲ ಸಂದಿನಲ್ಲಿ ಅವರ ಪಂಚೆಯ ಅಂಚು ಕಾಣುತ್ತಿತ್ತು, ಅಷ್ಟೇ.

ಒಂದು ಸಂಜೆ ಅಕ್ಕೋರು ಕೇಳಿದರು: "ಆರೂ ಕಡೆ ಚೌಕ ಇರೋ ಆ ಪೆಟ್ಟಿಗೀನ ಒಂದು ಮೂಲಿ ಮ್ಯಾಲ ನಿಲ್ಲಸು. ಎದುರಿನ ಮೂಲಿ ನೆತ್ತಿ ಮ್ಯಾಲ ಇರಲಿ. ಈಗ ಸರಿಯಾಗಿ ನಡುವ ಅಡ್ಡಕ್ಕ ಕೊಯ್ಯಿ. ಎಂಥಾ ಆಕಾರ?"

ನಾಗವೇಣಿ ಬಹಳ ಹೊತ್ತು ತೆಗೆದುಕೊಂಡಳು. ಅವಳ ತುಟಿ ಅಲುಗುತ್ತಿತ್ತು. "ಆರು ಮೂಲೆ ಕಾಣ್ತು ಅಕ್ಕೋರೇ."

ಅಡಿಗೆಮನೆಯಿಂದ ದನಿ ಬಂತು. "ಸುಳ್ಳು. ತ್ರಿಕೋನವೇ ಬತ್ತು."

ನಾವು ಮೂವರೂ ಬೆಚ್ಚಿದೆವು. ಭಟ್ಟರು ಬಾಗಿಲಿಗೆ ಬಂದು ನಿಂತಿದ್ದರು. "ಇಷ್ಟು ವರ್ಷ ಹೋಳು ಹೆಚ್ಚಿದವ ಆನು. ಮೂಲೆ ಮೇಲೆ ನಿಲ್ಸಿ ಕೊಯ್ದ್ರೆ ಆರು ಮೂಲೆ ಎಲ್ಲಿಂದ ಬತ್ತು?"

"ಹಂಗಾರ ಕೊಯ್ದು ನೋಡ್ರಿ," ಎಂದರು ಅಕ್ಕೋರು, ಅಷ್ಟೇ ಗಟ್ಟಿಯಾಗಿ.

ಭಟ್ಟರು ಒಳಗೆ ಹೋಗಿ ಸುವರ್ಣಗಡ್ಡೆಯ ದೊಡ್ಡ ಹೋಳು ತಂದರು. ಹೆಂಡತಿ, "ಅಯ್ಯೋ, ಅದು ನಾಳೆ ಹುಳಿಗೆ!" ಎಂದದ್ದು ಯಾರ ಕಿವಿಗೂ ಬೀಳಲಿಲ್ಲ. ಚೂರಿಯಿಂದ ಆರೂ ಕಡೆ ಸಮವಾಗಿ ಕೆತ್ತಿ, ಮೂಲೆಯ ಮೇಲೆ ನಿಲ್ಲಿಸಿ, ಅಳೆದು ನೋಡಿ ನಡುವೆ ಕೊಯ್ದರು. ಎರಡು ಹೋಳೂ ಬೇರೆಯಾದವು. ಕೊಯ್ದ ಮೈ ಮೇಲಾಗಿ ಅಂಗೈಯಲ್ಲಿ ಹಿಡಿದು ದೀಪದ ಕೆಳಗೆ ಬಂದರು. ಆರು ಮೂಲೆ, ಆರು ಸಮ ಬದಿ, ಜೇನುಗೂಡಿನ ಕೋಣೆಯ ಹಾಗೆ.

ಭಟ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮಗಳನ್ನು ನೋಡಿದರು. "ನಿಂಗೆ ಇದು ಕೊಯ್ಯದೇ ಕಂಡ್ತನೇ?"

"ಹೂಂ ಅಪ್ಪ."

ಅವರು ಚಾಪೆಯ ತುದಿಯಲ್ಲಿ ಕೂತುಬಿಟ್ಟರು. "ಇನ್ನೊಂದು ಕೇಳಿ ಅಕ್ಕೋರೇ," ಎಂದರು. "ಯಂಗೂ ಕೇಳಿ." ಅಕ್ಕೋರ ಜೊತೆ ಆ ಮನೆಯಲ್ಲಿ ಅವರು ಆಡಿದ ಮೊದಲ ಮಾತು ಅದು, ಜಗಳವನ್ನು ಬಿಟ್ಟರೆ.

ಆ ಕಣ್ಣು ಮುಚ್ಚುವ ಪಾಠ ಶಾಲೆಗೂ ಬಂತು. ಹೊರಗೆ ಹೋಗಬಾರದು ಎಂದಿದ್ದರು, ಒಳಗೆ ಹೋಗಬಾರದೆಂದು ಯಾರೂ ಹೇಳಿರಲಿಲ್ಲ. ಒಮ್ಮೆ ಹೆಡ್ ಮಾಸ್ತರು ಕಿಟಕಿಯಲ್ಲಿ ಇಣುಕಿದರು. ಇಡೀ ತರಗತಿ ಕಣ್ಣು ಮುಚ್ಚಿ ಕೂತಿತ್ತು, ಅಕ್ಕೋರೂ ಮುಚ್ಚಿದ್ದರು. "ಎಂತ ಇದು, ಎಲ್ಲ ನಿದ್ದೆಯಾ?" ಎಂದರು. ಅಕ್ಕೋರು ಕಣ್ಣು ತೆರೆಯದೆಯೇ, "ಸ್ವಲ್ಪ ತಡೀರಿ ಸರ, ಪೆಟ್ಟಿಗಿ ಒಳಗ ಅದೀವಿ," ಎಂದರು. ನಂತರ ಮಕ್ಕಳಿಗೆ, "ಒಂದು ಮೂಲಿಗೆ ಹೋಗಿ ಕುಂದ್ರಿ. ಎಷ್ಟು ಮೂಲಿ ಕಾಣತಾವ?"

"ಎಂಟು," ಎಂದರು ಎಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಮಾತ್ರ, "ಏಳೇ ಕಾಣ್ತು ಅಕ್ಕೋರೇ. ಒಂದ್ರ ಮೇಲೆ ಆನೇ ಕೂತ್ಕಂಡಿದ್ದೆ," ಎಂದ.

ಹೆಡ್ ಮಾಸ್ತರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಸದ್ದಾಗದಂತೆ ಹೊರಟುಹೋದರು.

ಪ್ಲಾಸ್ಟರ್ ಬಿಚ್ಚಿದಾಗ ನಾಗವೇಣಿಯ ಕೈ ಪೂರ್ತಿ ನೇರವಾಗಲಿಲ್ಲ. ಇವತ್ತಿಗೂ ಆಗುವುದಿಲ್ಲ. ಅವಳು ಅದನ್ನು ಚಾಚಿ ತೋರಿಸಿ, "ಸರಳಕೋನ ಆಗ್ತಿಲ್ಲೆ ಅಕ್ಕೋರೇ, ವಿಶಾಲಕೋನಕ್ಕೇ ನಿಂತ್ತು," ಎಂದಳು, ನಗಿಸಲೆಂದೇ. ಅಕ್ಕೋರು ನಕ್ಕರು. ನಗುತ್ತಲೇ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅವಳು ಪರೀಕ್ಷೆ ಬರೆದಳು, ನಿಧಾನಕ್ಕೆ, ಆ ಕೈಯಲ್ಲೇ. ಗಣಿತದಲ್ಲಿ ಚೆನ್ನಾಗಿಯೇ ಅಂಕ ಬಂತು.

ಆದರೂ ಅಕ್ಕೋರು ಮೈದಾನಕ್ಕೆ ಕಾಲಿಡಲಿಲ್ಲ. ಮುಂದಿನ ವರ್ಷದ ಸಭೆಯಲ್ಲಿ ಭಟ್ಟರೇ ಎದ್ದು ನಿಂತು, ಹೊರಗೆ ಪಾಠ ಮಾಡಬಾರದೆಂಬ ಕಟ್ಟು ತೆಗೆಯಬೇಕು ಎಂದರು. "ಅವು ಹೊರಗೆ ಕಲಿಸಲಿ. ಹೊಂಡ ಕಾಯದು ಯನ್ನ ಕೆಲಸ." ಸಮಿತಿ ಒಪ್ಪಿತು. ಅಕ್ಕೋರು ಒಪ್ಪಲಿಲ್ಲ. "ನನ್ನ ಕೈಲೆ ಆಗಂಗಿಲ್ರಿ," ಎಂದಷ್ಟೇ ಹೇಳಿ ಎದ್ದುಹೋದರು. ನಾನು ಎರಡು ಮೂರು ಸಲ ಕೀಲಿಯನ್ನು ಅವರ ಮೇಜಿನ ಮೇಲಿಟ್ಟು ಬಂದೆ. ಅದು ಮರುದಿನ ನನ್ನ ಮೇಜಿನ ಮೇಲೆ ಇರುತ್ತಿತ್ತು.

ದೀಪಾವಳಿಯಾಗಿ ಮತ್ತೆ ಮಂಜು ಬೀಳತೊಡಗಿದ ಒಂದು ದಿನ, ಭಟ್ಟರು ಹೇಳದೆ ಕೇಳದೆ ಶಾಲೆಗೆ ಬಂದರು. ಕೈಯಲ್ಲಿ ಕೊಡೆ. ಸೀದಾ ಮೈದಾನ ದಾಟಿ, ಪೊದೆ ಸರಿಸಿ, ಕೆಂಪುಕಲ್ಲಿನ ಹೊಂಡಕ್ಕೆ ಬೆನ್ನು ಹಾಕಿ ಅದರ ಅಂಚಿನಲ್ಲಿ ನಿಂತರು. ಅಲ್ಲಿಂದಲೇ ಕೂಗಿದರು: "ಅಕ್ಕೋರೇ, ಮಕ್ಕಳ ಕರ್ಕಂಡು ಬನ್ನಿ. ಯಂಗೆ ಇವತ್ತು ಅಡಿಗೆ ಇಲ್ಲೆ."

ಹತ್ತನೇ ತರಗತಿಯ ಕಿಟಕಿಗಳಲ್ಲೆಲ್ಲ ಮಕ್ಕಳ ತಲೆ. ಅಕ್ಕೋರು ಸೀಮೆಸುಣ್ಣ ಹಿಡಿದವರು ಹಾಗೇ ನಿಂತಿದ್ದರು. ಆಮೇಲೆ ಹೊರಗೆ ಬಂದರು. ಮಕ್ಕಳಿಗಿಂತ ಮೊದಲು ತಾವೇ ಮೈದಾನವನ್ನೆಲ್ಲ ಒಮ್ಮೆ ನಡೆದು ನೋಡಿದರು, ಕಾಲಿನಿಂದ ನೆಲ ಒತ್ತಿ ಒತ್ತಿ. ಮಕ್ಕಳನ್ನು ಇಬ್ಬಿಬ್ಬರಾಗಿ ಮಾಡಿದರು. ಒಬ್ಬರು ನೋಡುವುದು, ಒಬ್ಬರು ಹಿಂದಿನಿಂದ ಹಿಡಿದುಕೊಳ್ಳುವುದು. ರಟ್ಟಿನ ತ್ರಿಕೋನಗಳು ಹೆಬ್ಬಲಸಿನ ತುದಿಯ ಕಡೆಗೆ ಏರಿದವು. ಮಂಜಿನಲ್ಲಿ ಮಕ್ಕಳು ಹಿಂದೆ ಹಿಂದೆ ಸರಿಯತೊಡಗಿದರು. ಭಟ್ಟರು ಕೊಡೆಯನ್ನು ಅಡ್ಡ ಹಿಡಿದು, ಹತ್ತಿರ ಬಂದವರನ್ನೆಲ್ಲ "ಸಾಕು, ಸಾಕು" ಎಂದು ತಡೆಯುತ್ತಿದ್ದರು.

ಎಲ್ಲರದೂ ಮುಗಿದ ಮೇಲೆ ಹುಡುಗನೊಬ್ಬ ಕೇಳಿದ, "ಅಕ್ಕೋರೇ, ನೀವು ಅಳೆಯದಿಲ್ಯಾ?"

ಅಕ್ಕೋರು ಅವನ ಕೈಯಿಂದ ರಟ್ಟು ತೆಗೆದುಕೊಂಡು ಮರದ ಬುಡಕ್ಕೆ ಹೋದರು. ಕಣ್ಣಿಗೆ ಹಿಡಿದರು. ಒಂದು ಹೆಜ್ಜೆ ಹಿಂದೆ ಇಟ್ಟರು, ನಿಂತರು. ಇನ್ನೊಂದು ಹೆಜ್ಜೆ. ತಿರುಗಿ ನೋಡಲು ಕತ್ತು ಹೊರಳಿಸಿದರು.

"ತಿರುಗದು ಬ್ಯಾಡ ಅಕ್ಕೋರೇ," ಎಂದರು ಭಟ್ಟರು ಹೊಂಡದ ಅಂಚಿನಿಂದ. ಕೊಡೆಯನ್ನು ಕೆಳಗಿಟ್ಟು ಎರಡೂ ಕೈ ಅಗಲಿಸಿ ನಿಂತಿದ್ದರು. "ತುದಿ ನೋಡ್ತಾ ಬನ್ನಿ. ಬನ್ನಿ, ಬನ್ನಿ. ಇನ್ನೂ ಜಾಗ ಇದ್ದು."